ಹ್ಯಾಲೋಜನ್ ತೆಗೆದು ಎಲ್‌ಇಡಿ ಹಾಕಿಸುತ್ತೀರಾ? ರಾತ್ರಿ ಎರಡು ಗಂಟೆಗೆ ಏಳುವವರನ್ನು ಮೊದಲು ಕೇಳಿ

ಹೃದಯದ ಡಾಕ್ಟರ್ ಈ ವಾರ ಬಲ್ಬಿನ ಬಗ್ಗೆ ಬರೆಯುತ್ತಿದ್ದಾರಲ್ಲ ಎಂದು ನಗಬೇಡಿ. ನನ್ನ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ.

ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಹಳೆಯ ಮಾಲೀಕರು ಮಾಡಿಸಿದ ಫಾಲ್ಸ್ ಸೀಲಿಂಗ್ ಇದೆ. ಅದರ ತುಂಬ 50 ವ್ಯಾಟಿನ ಹ್ಯಾಲೋಜನ್ ದೀಪಗಳು. ಕಳೆದ ದೀಪಾವಳಿಗೆ ಬಣ್ಣ ಹೊಡೆಸುವಾಗ ಅವನ್ನೆಲ್ಲ ತೆಗೆಸಿ ಎಲ್‌ಇಡಿ ಹಾಕಿಸಿದೆ. ಅಪ್ಪನ ಕೋಣೆಯಲ್ಲಿ ಗುಂಡಿ ತಿರುಗಿಸಿ ಬೆಳಕು ತಗ್ಗಿಸುವ ಡಿಮ್ಮರ್ ಇತ್ತು. ಹೊಸ ಬಲ್ಬುಗಳು ಅದರಲ್ಲಿ ಮಿಣುಕತೊಡಗಿದವು. ಎಲೆಕ್ಟ್ರೀಷಿಯನ್ ಡಿಮ್ಮರನ್ನೇ ಕಿತ್ತು ಮಾಮೂಲಿ ಸ್ವಿಚ್ ಕೂರಿಸಿದ. ನಾನು ಆಸ್ಪತ್ರೆಯಲ್ಲಿದ್ದೆ, ಫೋನಿನಲ್ಲೇ "ಆಯ್ತು" ಅಂದೆ.

ಧಾರವಾಡದಿಂದ ಬಂದ ಅಪ್ಪನಿಗೆ 76. ಎರಡು ಸ್ಟೆಂಟ್, ರಕ್ತ ತೆಳುವಾಗಿಸುವ ಎರಡು ಮಾತ್ರೆ, ಬಿಪಿ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ. ರಾತ್ರಿ ಎರಡು ಸಲ ಏಳಲೇಬೇಕು. ಮೂರು ವಾರದ ನಂತರ ಒಂದು ರಾತ್ರಿ ಬಚ್ಚಲಿನ ಬಾಗಿಲ ಬಳಿ ಬಿದ್ದರು. ತಲೆಗೆ ಏಟಾಗಲಿಲ್ಲ, ಮಣಿಕಟ್ಟು ಮುರಿಯಿತು. ಕೈ ಮೊಣಕೈವರೆಗೆ ಕಪ್ಪುಗಟ್ಟಿತು. ಲೈಟ್ ಯಾಕೆ ಹಾಕಲಿಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. "ಅದನ್ನ ಹಚ್ಚಿದ್ರ ಕಣ್ಣಾಗ ಖಾರಪುಡಿ ಬಿದ್ದಂಗ ಆಗತೈತಿ. ಆಮ್ಯಾಲ ನಿದ್ದಿ ಬರಂಗಿಲ್ಲ. ಮೂರು ವಾರ ಆತು, ಹಚ್ಚೇ ಇಲ್ಲ," ಅಂದರು.

ಮಾತ್ರೆಗಳ ಲೆಕ್ಕವನ್ನು ದಿನವೂ ನೋಡುವ ನಾನು ದೀಪವನ್ನು ನೋಡಿರಲಿಲ್ಲ.

ವಯಸ್ಸಾದವರ ಕಣ್ಣಿಗೆ ಎರಡು ತದ್ವಿರುದ್ಧ ಬೇಡಿಕೆಗಳಿವೆ. 20 ವರ್ಷದವರಿಗೆ ಹೋಲಿಸಿದರೆ 60ರ ಕಣ್ಣಿನ ಪರದೆಗೆ ತಲುಪುವುದು ಸುಮಾರು ಮೂರನೇ ಒಂದು ಭಾಗ ಬೆಳಕು. ಹಾಗಾಗಿ ಸಂಜೆ ಪೇಪರ್ ಓದಲು, ಮಾತ್ರೆಯ ಹೆಸರು ನೋಡಲು ಅವರಿಗೆ ನಮಗಿಂತ ಹೆಚ್ಚು ಬೆಳಕು ಬೇಕು. ಅದೇ ಬೆಳಕು ನಡುರಾತ್ರಿ ಕುರುಡು ಹಿಡಿಸುತ್ತದೆ. ಎರಡಕ್ಕೂ ಒಂದೇ ದೀಪ ಸಾಕಾಗಬೇಕಾದರೆ ಅದು ಡಿಮ್ ಆಗಬೇಕು. ಡಿಮ್ಮರ್ ಅಂದರೆ ಹೋಟೆಲಿನ ಶೋಕಿ ಎಂದು ನಾನೂ ಅಂದುಕೊಂಡಿದ್ದೆ.

ಇನ್ನು ನಿದ್ದೆ. ನಮ್ಮ ಕಣ್ಣಿನಲ್ಲಿ ನೋಡುವುದಕ್ಕಲ್ಲದೆ, ಹಗಲೋ ರಾತ್ರಿಯೋ ಎಂದು ಮಿದುಳಿಗೆ ತಿಳಿಸುವುದಕ್ಕೂ ಕೆಲವು ಜೀವಕೋಶಗಳಿವೆ. ನೀಲಿ ಅಂಶ ಹೆಚ್ಚಿರುವ ಬೆಳಕಿಗೆ ಅವು ಬೇಗ ಎಚ್ಚರಗೊಂಡು ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಅನ್ನು ತಗ್ಗಿಸುತ್ತವೆ. 2022ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 20 ಆರೋಗ್ಯವಂತ ಯುವಜನರ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. 100 ಲಕ್ಸ್ ಬೆಳಕಿನಲ್ಲಿ, ಅಂದರೆ ಅಷ್ಟೇನೂ ಪ್ರಖರವಲ್ಲದ ದೀಪ ಉರಿಯುತ್ತಿರುವಾಗ, ಒಂದೇ ರಾತ್ರಿ ಮಲಗಿದವರ ಎದೆಬಡಿತ ನಿದ್ದೆಯಲ್ಲೂ ಹೆಚ್ಚಿತ್ತು. ಬೆಳಿಗ್ಗೆ ಇನ್ಸುಲಿನ್ ಕೆಲಸ ಮಾಡುವುದೂ ಕಡಿಮೆಯಾಗಿತ್ತು. ಚಿಕ್ಕ ಪ್ರಯೋಗ. ಲೈಟ್ ಹಾಕಿ ಮಲಗಿದರೆ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ಇದನ್ನು ಫಾರ್ವರ್ಡ್ ಮಾಡಬೇಡಿ, ಅದು ಹಾಗೆ ಹೇಳುವುದಿಲ್ಲ. ಆದರೆ ರಾತ್ರಿ ಕತ್ತಲು ಬೇಕು, ಎದ್ದಾಗ ಕಂಡರೆ ಸಾಕು ಎನ್ನುವಷ್ಟೇ ಬೆಳಕು ಬೇಕು ಎನ್ನುವುದಕ್ಕೆ ಪುಷ್ಟಿ ಕೊಡುತ್ತದೆ.

ಹ್ಯಾಲೋಜನ್ ತೆಗೆಯುವುದು ಸರಿಯಾದ ಕೆಲಸವೇ. ಅದು ತಿನ್ನುವ ಕರೆಂಟಿನ ಬಹುಪಾಲು ಶಾಖವಾಗಿ ಹೋಗುತ್ತದೆ. 50 ವ್ಯಾಟಿನ ಸ್ಪಾಟ್ ದೀಪದಷ್ಟು ಬೆಳಕನ್ನು 5-6 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಹತ್ತು ದೀಪ ದಿನಕ್ಕೆ ಐದು ಗಂಟೆ ಉರಿದರೆ ಹ್ಯಾಲೋಜನ್‌ಗೆ ತಿಂಗಳಿಗೆ 75 ಯೂನಿಟ್, 6 ವ್ಯಾಟಿನ ಎಲ್‌ಇಡಿಗೆ 9 ಯೂನಿಟ್. ಬಾಕ್ಸಿನ ಮೇಲೆ ವ್ಯಾಟ್ ಜೊತೆಗೆ ಲ್ಯೂಮೆನ್ ಕೂಡ ನೋಡಿ. ಹಳೆಯ 50 ವ್ಯಾಟಿನ ಸ್ಪಾಟಿಗೆ ಸುಮಾರು 350ರಿಂದ 400 ಲ್ಯೂಮೆನ್ ಸಾಟಿ.

ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಹ್ಯಾಲೋಜನ್ ಒಳಗಿರುವುದು ಕಾದು ಬೆಳಗುವ ತಂತಿ. ಡಿಮ್ಮರ್ ಕರೆಂಟಿನ ಪ್ರತಿ ಅಲೆಯಲ್ಲೂ ಒಂದಿಷ್ಟನ್ನು ಕತ್ತರಿಸಿದರೂ ತಂತಿ ತಣ್ಣಗಾಗುವಷ್ಟರಲ್ಲಿ ಮುಂದಿನ ಅಲೆ ಬಂದಿರುತ್ತದೆ, ಬೆಳಕು ನಯವಾಗಿ ತಗ್ಗುತ್ತದೆ. ಎಲ್‌ಇಡಿ ಒಳಗೆ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇರುತ್ತದೆ. ಕತ್ತರಿಸಿದ ಕರೆಂಟನ್ನು ಅರ್ಥ ಮಾಡಿಕೊಳ್ಳುವಂತೆ ಅದನ್ನು ಮಾಡಿರದಿದ್ದರೆ ಬಲ್ಬ್ ಮಿಣುಕುತ್ತದೆ, ಗುಂಯ್‌ಗುಡುತ್ತದೆ, ಬೇಗ ಸಾಯುತ್ತದೆ. ಆದ್ದರಿಂದ ಬಾಕ್ಸಿನ ಮೇಲೆ "ಡಿಮೇಬಲ್" ಎಂದು ಅಚ್ಚಾಗಿರಲೇಬೇಕು. ಅಂಗಡಿಯವನು "ಹೋತೋ ಸಾಹೇಬ್, ಡಿಮ್ ಹೋತೋ" ಅಂದರೆ ಸಾಲದು, ಓದಿ ನೋಡಿ.

ಡಿಮೇಬಲ್ ಬಲ್ಬ್ ತಂದರೂ ಮುಗಿಯಲಿಲ್ಲ. ಹಳೆಯ ಡಿಮ್ಮರುಗಳಿಗೆ ಕನಿಷ್ಠ ಇಷ್ಟು ವ್ಯಾಟ್ ಹೊರೆ ಇರಬೇಕು ಎಂಬ ಲೆಕ್ಕವಿದೆ, ಎಷ್ಟೋ ಕಡೆ 40ರಿಂದ 60 ವ್ಯಾಟ್. ಅಪ್ಪನ ಕೋಣೆಯಲ್ಲಿ ನಾಲ್ಕು ಹ್ಯಾಲೋಜನ್ ಸೇರಿ 200 ವ್ಯಾಟ್ ಇತ್ತು, ನಾಲ್ಕು ಎಲ್‌ಇಡಿ ಸೇರಿ ಬರೀ 24. ಅಷ್ಟು ಹಗುರ ಹೊರೆಗೆ ಹಳೆಯ ಡಿಮ್ಮರ್ ಸರಿಯಾಗಿ ನಡೆಯುವುದಿಲ್ಲ. ಎಲ್‌ಇಡಿಗಾಗಿಯೇ ಮಾಡಿದ "ಟ್ರೇಲಿಂಗ್ ಎಡ್ಜ್" ಡಿಮ್ಮರ್ ಕೇಳಿ. ಇನ್ನೊಂದು ಮಾತು, ಫ್ಯಾನ್ ರೆಗ್ಯುಲೇಟರ್‌ಗೆ ಬಲ್ಬ್ ಜೋಡಿಸುವ ಜಾಣತನ ಯಾರಾದರೂ ತೋರಿಸಿದರೆ ಕೈಮುಗಿದು ಬೇಡ ಅನ್ನಿ.

ಎರಡು ಸಣ್ಣ ಸೂಜಿಯಂಥ ಪಿನ್ ಇರುವ ಹ್ಯಾಲೋಜನ್ ಆಗಿದ್ದರೆ ಅದು ಹೆಚ್ಚಾಗಿ 12 ವೋಲ್ಟಿನದು, ಸೀಲಿಂಗ್ ಮೇಲೆ ಟ್ರಾನ್ಸ್‌ಫಾರ್ಮರ್ ಅಡಗಿರುತ್ತದೆ. ಅದಕ್ಕೂ ಇದೇ ಹಗುರ ಹೊರೆಯ ತೊಂದರೆ. ಟ್ರಾನ್ಸ್‌ಫಾರ್ಮರ್ ತೆಗೆಸಿ ನೇರ 230 ವೋಲ್ಟಿನ ಹೋಲ್ಡರ್ ಮತ್ತು ಬಲ್ಬ್ ಹಾಕಿಸುವುದು ಸುಲಭ. ಹಳೆಯ ಬಲ್ಬನ್ನೇ ಅಂಗಡಿಗೆ ಒಯ್ಯಿರಿ. ಒಂದೇ ಸಲ ಹತ್ತು ಕೊಳ್ಳಬೇಡಿ. ಒಂದು ಕೋಣೆಗೆ ಸಾಕಾಗುವಷ್ಟು ತಂದು, ಪೂರ್ತಿ ತಗ್ಗಿಸಿ, ಫೋನಿನ ಸ್ಲೋ ಮೋಷನ್ ಕ್ಯಾಮೆರಾದಲ್ಲಿ ನೋಡಿ. ಬೆಳಕು ಜೋರಾಗಿ ಹೊಡೆದುಕೊಳ್ಳುತ್ತಿದ್ದರೆ ವಾಪಸ್ ಕೊಡಿ. ಕಣ್ಣಿಗೆ ಕಾಣದ ಮಿಣುಕು ಕೂಡ ಕೆಲವರಿಗೆ ತಲೆನೋವು ತರುತ್ತದೆ.

ಬಣ್ಣದ ವಿಷಯದಲ್ಲಿ ನಮ್ಮ ಜನ ಬೆಳ್ಳಗಿದ್ದಷ್ಟೂ ಒಳ್ಳೆಯದು ಎಂದು 6500 ಕೆಲ್ವಿನ್‌ನ ಕೂಲ್ ಡೇಲೈಟ್ ತರುತ್ತಾರೆ. ಅಡುಗೆಮನೆಗೆ ಇರಲಿ. ಮಲಗುವ ಕೋಣೆಗೆ 2700 ಕೆಲ್ವಿನ್, ಸಿಗದಿದ್ದರೆ 3000. ಹ್ಯಾಲೋಜನ್ ತಗ್ಗಿಸಿದಾಗ ಬೆಳಕು ಕೆಂಡದ ಬಣ್ಣಕ್ಕೆ ತಿರುಗುತ್ತಿತ್ತು. ಸಾಮಾನ್ಯ ಎಲ್‌ಇಡಿ ಮಂದವಾದರೂ ಬಣ್ಣ ಬದಲಿಸುವುದಿಲ್ಲ, ಆದ್ದರಿಂದ ಆರಿಸುವಾಗಲೇ ಬೆಚ್ಚಗಿನ ಬಣ್ಣ ಆರಿಸಬೇಕು.

ಬಾಡಿಗೆ ಮನೆಯವರು, ನಮ್ಮಲ್ಲಿ ಅರ್ಧಕ್ಕರ್ಧ ಅವರೇ, ಮಾಲೀಕರ ಗೋಡೆ ಮುಟ್ಟಬೇಕಾಗಿಲ್ಲ. ಮಾಮೂಲಿ ಸ್ವಿಚ್ಚನ್ನೇ ಆಫ್-ಆನ್ ಮಾಡಿದರೆ ಹಂತಹಂತವಾಗಿ ಮಂದವಾಗುವ ಬಲ್ಬುಗಳಿವೆ. ಫೋನಿನಿಂದ ತಗ್ಗಿಸುವ ಸ್ಮಾರ್ಟ್ ಬಲ್ಬುಗಳಿವೆ, ಅವನ್ನು ಮಾತ್ರ ಗೋಡೆಯ ಡಿಮ್ಮರ್‌ಗೆ ಹಾಕಬಾರದು. ಅದೂ ಬೇಡವೆಂದರೆ ಮಂಚದಿಂದ ಬಚ್ಚಲಿನವರೆಗೆ, ಮೊಣಕಾಲಿಗಿಂತ ಕೆಳಗೆ, ಯಾರಾದರೂ ನಡೆದಾಗ ತಾನೇ ಹತ್ತಿಕೊಳ್ಳುವ ಎರಡು ಸೆನ್ಸರ್ ದೀಪ ಅಂಟಿಸಿ.

ದೀಪ ಸರಿಯಾದರೂ ಎದ್ದೇಳುವ ರೀತಿ ಸರಿಯಾಗಬೇಕು. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಕಣ್ಣು ಕತ್ತಲಿಟ್ಟು ಬೀಳಬಹುದು. ಬಿಪಿ, ನೀರಿನ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಹೆಚ್ಚು. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದ ಆಡಿಸಿ, ದೀಪ ಹಾಕಿ, ಆಮೇಲೆ ಏಳಿ. ತಲೆ ತಿರುಗುತ್ತಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಏನೂ ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪೇಸ್‌ಮೇಕರ್ ಇರುವವರು ಕೇಳುತ್ತಿರುತ್ತಾರೆ, ಡಿಮ್ಮರ್ ಮುಟ್ಟಬಹುದೇ ಎಂದು. ಧಾರಾಳವಾಗಿ ಮುಟ್ಟಿ. ಮನೆಯ ದೀಪ, ಸ್ವಿಚ್ಚುಗಳಿಂದ ತೊಂದರೆಯಿಲ್ಲ. ಮೊಬೈಲನ್ನು ಮಾತ್ರ ಎದೆಯ ಜೇಬಿನಲ್ಲಿ ಇಡಬೇಡಿ, ಸಾಧನದಿಂದ 15 ಸೆಂಟಿಮೀಟರ್ ದೂರವಿರಲಿ.

ಅಪ್ಪನ ಕೋಣೆಗೆ ಈಗ 2700 ಕೆಲ್ವಿನ್‌ನ ನಾಲ್ಕು ಡಿಮೇಬಲ್ ಬಲ್ಬ್, ಹೊಸ ಡಿಮ್ಮರ್. ಮಲಗುವ ಮುಂಚೆ ಗುಂಡಿಯನ್ನು ಅವರೇ ಕಾಲು ಭಾಗಕ್ಕೆ ತಿರುಗಿಸಿ ಆರಿಸುತ್ತಾರೆ, ರಾತ್ರಿ ಒತ್ತಿದರೆ ಅಷ್ಟೇ ಬೆಳಕು ಬರುತ್ತದೆ. ಎಲೆಕ್ಟ್ರೀಷಿಯನ್ ಬಂದ ದಿನ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ.

ಮುಂದಿನ ವಾರ: ನೀರಿನ ಮಾತ್ರೆಯನ್ನು ದಿನದ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು?