ನರಿಯ ಊಳೂ ಬೇಟೆಗಾರನ ಕರೆಯೂ

“ನರಿಯ ಕೂಗು ಗಿರಿಯ ಮುಟ್ಟೀತೆ?” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಅಲ್ಪರ ಮಾತು ದೊಡ್ಡವರನ್ನು ತಾಗದೆಂಬುದು ಅದರ ತಾತ್ಪರ್ಯ. ಆದರೆ ಅಕ್ಷರಾರ್ಥದಲ್ಲಿ ನೋಡುವುದಾದರೆ ಕಾರವಾರ ಅಂಕೋಲೆಗಳ ಕರಾವಳಿಯಲ್ಲಿ ಈ ಗಾದೆ ಸುಳ್ಳಾಗುವುದು. ಕಾಳೀನದಿಯ ಅಳಿವೆಯಿಂದ ಗಂಗಾವಳಿಯ ಅಳಿವೆಯವರೆಗೆ ಸಹ್ಯಾದ್ರಿಯ ಕವಲುಗಳು ಹಲವೆಡೆ ಕಡಲಂಚಿನವರೆಗೂ ಚಾಚಿಕೊಂಡಿರುವುವು. ಮಾಗಿಯ ಇರುಳಿನಲ್ಲಿ ನೆಲ ಬೇಗನೆ ತಣಿದು, ಅದಕ್ಕೆ ಸಮೀಪದ ಗಾಳಿ ತಂಪಾಗಿಯೂ ಮೇಲಣ ಗಾಳಿ ಬೆಚ್ಚಗೂ ಇರುವುದು. ಅಂಥ ಹೊತ್ತಿನಲ್ಲಿ ಶಬ್ದವು ಮೇಲಕ್ಕೆ ಚದರಿಹೋಗದೆ ನೆಲದ ಕಡೆಗೆ ಬಾಗಿ ಬಹುದೂರ ಸಾಗುವುದೆಂದು ಭೌತಶಾಸ್ತ್ರಜ್ಞರು ಹೇಳುವರು. ಮಳೆಗಾಲದ ಭೋರ್ಗರೆತದಲ್ಲಿ ಅಡಗಿಹೋಗುವ ನರಿಯ ಊಳು ಆಗ ಗಿರಿಯನ್ನು ಮುಟ್ಟುವುದಷ್ಟೇ ಅಲ್ಲ, ಮರುದನಿಯಾಗಿ ಹಿಂತಿರುಗುವುದೂ ಉಂಟು.

ಈ ನರಿ ಯಾವುದು? ಇಂಗ್ಲಿಷ್ ಓದಿದ ನಮಗೆ ನರಿಯೆಂದೊಡನೆ ‘ಫಾಕ್ಸ್’ ಎಂಬ ಮಾತು ನಾಲಗೆಗೆ ಬರುವುದು. ಪಾಠಶಾಲೆಯ ಈಸೋಪನ ಕಥೆಗಳು ಮಾಡಿದ ಉಪಕಾರವಿದು! ಪಂಚತಂತ್ರದ ಕರಟಕ ದಮನಕರು ಫಾಕ್ಸ್ ಜಾತಿಯವರಲ್ಲ. ಅವರು ಶೃಗಾಲರು, ಎಂದರೆ ‘ಜ್ಯಾಕಲ್’ಗಳು. ನಮ್ಮ ‘ನರಿ’ ಎಂಬ ಒಂದೇ ಶಬ್ದ ಈ ಎರಡು ಪ್ರಾಣಿಗಳನ್ನೂ ಒಳಕೊಳ್ಳುವುದರಿಂದ ಗೊಂದಲ ಇನ್ನಷ್ಟು ಹೆಚ್ಚಿದೆ. ಎರಡರಲ್ಲಿ ಚಿಕ್ಕದಾದ, ಬಾಲದ ತುದಿ ಕಪ್ಪಾಗಿರುವ ಫಾಕ್ಸ್ ಘಟ್ಟದ ಮೇಲಣ ಬಯಲುಸೀಮೆಯ ಒಣ ಹುಲ್ಲುಗಾವಲಿನದು; ಗದಗಿನ ಕಡೆಗೆ ಹೋದರೆ ಕಾಣಸಿಗಬಹುದು. ಕರಾವಳಿಯಲ್ಲಿ ಊಳಿಡುವುದು ಶೃಗಾಲವೇ. ಕಾರವಾರದ ಕೊಂಕಣಿಗರು ಅದನ್ನು ‘ಕೋಲೊ’ ಎನ್ನುವರು. ‘ಬಳ್ಳು’ ಎಂಬ ಹಳೆಯ ಕನ್ನಡದ ಹೆಸರು ಈಗ ನಿಘಂಟಿನಲ್ಲಿ ಮಾತ್ರ ಉಳಿದಿದೆಯೆಂದರೂ ಸಲ್ಲುವುದು.

ಅಮೆರಿಕಾ ಖಂಡದಲ್ಲಿ ಇದರ ದಾಯಾದಿಯೊಂದುಂಟು. ಕಯೋಟಿ ಎಂದು ಅದರ ಹೆಸರು. 1823ರಲ್ಲಿ ಥಾಮಸ್ ಸೇ ಎಂಬ ವಿದ್ವಾಂಸನು ಅದಕ್ಕೆ ‘ಬೊಗಳುವ ನಾಯಿ’ ಎಂಬರ್ಥದ ಲ್ಯಾಟಿನ್ ನಾಮವನ್ನಿಟ್ಟನು. ಅಲ್ಲಿಯ ಬೇಟೆಗಾರರು ಚಳಿಗಾಲದಲ್ಲಿ ಅದನ್ನು ಕರೆದು ಕೊಲ್ಲುವರು. ಕರೆಯುವುದೆಂದರೇನು? ಸಣ್ಣ ಪೀಪಿಯೊಂದನ್ನು ಊದಿ, ಗಾಯಗೊಂಡ ಮೊಲದ ಚೀತ್ಕಾರವನ್ನು ಅನುಕರಿಸುವುದು. ಹಿಮ ಬಿದ್ದು ಆಹಾರ ವಿರಳವಾದ ಕಾಲದಲ್ಲಿ ಹಸಿದ ಪ್ರಾಣಿಯು ಆ ಮೋಸಕ್ಕೆ ಬೇಗನೆ ಒಳಗಾಗುವುದು; ತುಪ್ಪಳವೂ ಆಗ ದಟ್ಟವಾಗಿದ್ದು ಒಳ್ಳೆಯ ಬೆಲೆ ತರುವುದು. ಇನ್ನೊಂದು ಬಗೆಯ ಕರೆಯು ಹೊಟ್ಟೆಯನ್ನಲ್ಲ, ಅಭಿಮಾನವನ್ನು ಕೆಣಕುವಂಥದು: ಅದೇ ಜಾತಿಯ ಊಳನ್ನು ಅನುಕರಿಸಿದರೆ, ತನ್ನ ಸೀಮೆಗೆ ಪರಕೀಯನೊಬ್ಬನು ನುಗ್ಗಿದನೆಂದು ಭಾವಿಸಿ ಅದು ವಿಚಾರಿಸಲು ಬರುವುದು.

ಈ ಎರಡನೆಯ ವಿದ್ಯೆಯನ್ನು ನಮ್ಮವರು ಅಮೆರಿಕಾದಿಂದ ಕಲಿಯಬೇಕಾಗಿರಲಿಲ್ಲ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ತಮಿಳುನಾಡಿನ ಕುರುವಿಕ್ಕಾರರ ವಿಷಯ ಬಂದಿದೆ. ಬಲೆಯನ್ನು ಒಡ್ಡಿ, ನರಿಯಂತೆಯೇ ಊಳಿಟ್ಟು, ನರಿಗಳನ್ನು ಅದರತ್ತ ಸೆಳೆಯುತ್ತಿದ್ದವರು ಅವರು. ನರಿಕುರವರೆಂಬ ಹೆಸರೇ ಅವರ ಕಸುಬನ್ನು ಸಾರುವುದಷ್ಟೆ.

ಕರೆಗಿಂತಲೂ ಸೂಕ್ಷ್ಮವಾದ ಸಂಗತಿ ಗಾಳಿಯದು. ಕೂಗು ಕೇಳಿದ ನರಿ ನೆಟ್ಟಗೆ ಓಡಿಬರುವುದು ಅಪೂರ್ವ. ಸುತ್ತು ಹಾಕಿ, ಗಾಳಿ ಬೀಸಿಹೋಗುವ ದಿಕ್ಕಿಗೆ ಬಂದು, ಮೂಗಿನಿಂದ ನಿಜವನ್ನು ಪರೀಕ್ಷಿಸಿಕೊಳ್ಳುವುದು. ಕಿವಿಯನ್ನು ವಂಚಿಸಬಹುದು, ಮೂಗನ್ನು ವಂಚಿಸುವುದು ಕಷ್ಟ. ಕರಾವಳಿಯಲ್ಲಿ ರಾತ್ರಿಯ ಗಾಳಿ ನೆಲದಿಂದ ಕಡಲಿಗೆ ಬೀಸುವುದಾದುದರಿಂದ, ತೀರದಲ್ಲಿ ಅಡಗಿದವನ ವಾಸನೆ ಹಿಡಿಯಬೇಕಾದರೆ ನರಿಯು ಮರೆಯಿಲ್ಲದ ಮರಳಿಗೆ ಇಳಿಯಬೇಕು. ಅದರ ಜಾಣತನವೇ ಅಲ್ಲಿ ಅದಕ್ಕೆ ಕುತ್ತಾಗುವುದು.

ಇಷ್ಟಕ್ಕೂ ನಮ್ಮ ಚಳಿಗಾಲವು ಅದಕ್ಕೆ ಬರಗಾಲವಲ್ಲ, ಸುಗ್ಗಿಯ ಕಾಲ. ಕುಯ್ಲಾದ ಗದ್ದೆಗಳ ಕೂಳೆಯಲ್ಲಿ ಇಲಿ ಹೆಗ್ಗಣಗಳು, ಅಳಿವೆಯಂಚಿನ ಗಜನಿ ಭೂಮಿಯಲ್ಲಿ ಏಡಿಗಳು, ಮೀನು ಎಳೆದ ದಡದಲ್ಲಿ ಬಿಸುಟ ಚೂರುಪಾರು. ಇವೆಲ್ಲಕ್ಕೂ ಮೇಲಾಗಿ, ದೇವಬಾಗ ಮೊದಲಾದ ತೀರಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುವುದು ಈ ತಿಂಗಳುಗಳಲ್ಲಿಯೇ. ಒಂದೊಂದು ಗೂಡಿನಲ್ಲಿ ಸುಮಾರು 100 ಮೊಟ್ಟೆಗಳು. ಮರಿಯಾಗಲು 45ರಿಂದ 60 ದಿನಗಳು ಬೇಕು. ನರಿಯೂ ನಾಯಿಯೂ ಅವನ್ನು ಬಗೆದು ತಿನ್ನುವುದರಿಂದ ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಕಟ್ಟಿ ಕಾಯುವರು. ನರಿ ಕೋಳಿಯನ್ನು ಒಯ್ಯುವುದೂ ದಿಟ, ಕಬ್ಬು ಕಲ್ಲಂಗಡಿಗಳನ್ನು ಕಚ್ಚಿ ಕೆಡಿಸುವುದೂ ದಿಟ. ಆದರೆ ಅದು ತಿನ್ನುವ ಇಲಿಗಳ ಲೆಕ್ಕವನ್ನು ಯಾವ ರೈತನೂ ಬರೆದಿಡುವುದಿಲ್ಲ. ಹೋದ ಕೋಳಿಯ ಲೆಕ್ಕ ಮಾತ್ರ ಎಲ್ಲರ ಬಾಯಲ್ಲಿಯೂ ಇರುವುದು.

ಬೆಳಗ್ಗೆ ನರಿಯ ಮುಖ ನೋಡಿ ಎದ್ದರೆ ಅದೃಷ್ಟವೆಂದು ಹೇಳುವ ನಾವೇ, ‘ನರಿಕೊಂಬು’ ಎಂಬ ತಾಯಿತಕ್ಕಾಗಿ ಅದನ್ನು ಕೊಲ್ಲಿಸುವುದು ವಿಚಿತ್ರ. ನರಿಯ ಜಾತಿಗೆ ಕೊಂಬೆಂಬ ಅಂಗವೇ ಇಲ್ಲ. ಕೂದಲಿರುವ ಚರ್ಮದ ತುಂಡುಗಳಿಂದ ಕೊಂಬನ್ನು ಹೊಲಿದು ಮಾರುವ ವಂಚನೆ ಸಾಮಾನ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನರಿಯ ಬೇಟೆಯೂ ಅದರ ಅಂಗಾಂಗಗಳ ವ್ಯಾಪಾರವೂ ದಂಡನೀಯ ಅಪರಾಧ. ಆದರೆ ಬೇಟೆಯೊಂದೇ ಅಪಾಯವಲ್ಲ. ಈ ಸೀಮೆಯಲ್ಲಿ ಗುಡ್ಡಕ್ಕೂ ಕಡಲಿಗೂ ನಡುವೆ ಅಗಲವಾಗಿ ಹಾಯ್ದಿರುವ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ನರಿಯು ಏಡಿಗಾಗಿ ರಾತ್ರಿ ದಾಟಲೇಬೇಕು. ಅಲ್ಲಿ ಅದರ ಮೂಗೂ ಪ್ರಯೋಜನಕ್ಕೆ ಬಾರದು.

ಕರೆಯುವ ವಿದ್ಯೆ ಮಾತ್ರ ಈಗ ಇನ್ನೊಂದು ಕೆಲಸಕ್ಕೆ ಒದಗಿದೆ. ಗ್ರೀಸ್, ಹಂಗೇರಿ ಮುಂತಾದ ದೇಶಗಳಲ್ಲಿ ಮುದ್ರಿಸಿದ ನರಿಯ ಊಳನ್ನು ಸಂಜೆಯ ಮೇಲೆ ಧ್ವನಿವರ್ಧಕದಲ್ಲಿ ಕೇಳಿಸಿ, ಕೆಲವು ನಿಮಿಷ ಮೌನವಾಗಿ ಕಾದು, ಬಂದ ಉತ್ತರಗಳ ದಿಕ್ಕನ್ನು ಗುರುತಿಸಿ ನರಿಗಳ ಗಣತಿ ಮಾಡುವರು. ಇದರಲ್ಲಿ ಎರಡು ತೊಡಕುಗಳುಂಟು. ಉತ್ತರ ಬಾರದಿದ್ದರೆ ನರಿಯಿಲ್ಲವೆಂದು ಹೇಳುವಂತಿಲ್ಲ; ಒಂಟಿ ನರಿ ಹೆದರಿ ಸುಮ್ಮನಿರಬಹುದು. ಉತ್ತರ ಬಂದರೂ ಎಣಿಕೆ ಸುಲಭವಲ್ಲ. ಎರಡೇ ನರಿಗಳು ಸ್ವರವನ್ನು ಏರಿಸಿ ಇಳಿಸಿ ಹತ್ತರಂತೆ ಕೇಳಿಸುವುವು. ಆದುದರಿಂದ ಬಲ್ಲವರು ಕಂಠಗಳನ್ನು ಎಣಿಸದೆ, ಒಂದು ದಿಕ್ಕಿನಿಂದ ಬಂದುದನ್ನೆಲ್ಲ ಒಂದು ಗುಂಪೆಂದಷ್ಟೇ ಬರೆದುಕೊಳ್ಳುವರು.