ಮಾತ್ರೆ ನಿಂತ ಮೇಲೂ ಫೋನ್ ಏಕೆ?

ಪ್ರಶ್ನೆ: ಔಷಧ ಪ್ರಯೋಗ ಮುಗಿದ ಮೇಲೂ ಅದರಲ್ಲಿದ್ದ ಹಿರಿಯರನ್ನು ಮತ್ತೆ ಸಂಪರ್ಕಿಸುವುದೇಕೆ?

ಉತ್ತರ: ಕೆಲವು ಪರಿಣಾಮಗಳು ಗೋಚರಿಸಲು ವರ್ಷಗಳೇ ಬೇಕು. ಆಸ್ಟ್ರೇಲಿಯಾ ಮತ್ತು ಅಮೆರಿಕದ ‘ಆಸ್ಪ್ರೀ’ ಪ್ರಯೋಗವನ್ನೇ ನೋಡಿ. ಆರೋಗ್ಯವಂತರಾಗಿದ್ದ 19,114 ಹಿರಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ. 2018ರಲ್ಲಿ ಫಲಿತಾಂಶ ಬಂದಾಗ ಆಸ್ಪಿರಿನ್ ಗುಂಪಿನಲ್ಲಿ ಕ್ಯಾನ್ಸರ್ ಸಾವು ಹೆಚ್ಚಿತ್ತು: ನೂರಕ್ಕೆ 3.1; ಇನ್ನೊಂದರಲ್ಲಿ 2.3. ಇದು ನಿರೀಕ್ಷಿಸದ ಸಂಗತಿ. ಮಾತ್ರೆಯ ಪರಿಣಾಮವೇ, ಆಕಸ್ಮಿಕವೇ? ತಿಳಿಯಲು ಅದೇ ಜನರನ್ನು ಮುಂದೆಯೂ ಗಮನಿಸಬೇಕಾಯಿತು.

ಇದು ಸುಲಭವಲ್ಲ. ಹಿರಿಯರು ಮನೆ ಬದಲಿಸುತ್ತಾರೆ, ಕಿವಿ ಮಂದವಾಗುತ್ತದೆ, ಮರೆವು ಆವರಿಸುತ್ತದೆ. ಹಾಸಿಗೆ ಹಿಡಿದವರೇ ಕೈತಪ್ಪಿದರೆ ಗಟ್ಟಿಮುಟ್ಟಾದವರ ಲೆಕ್ಕವಷ್ಟೇ ಉಳಿದು ಫಲಿತಾಂಶ ದಾರಿ ತಪ್ಪುತ್ತದೆ. ಆದ್ದರಿಂದ ಪ್ರಯೋಗಕ್ಕೆ ಸೇರುವಾಗಲೇ ಮರುಸಂಪರ್ಕಕ್ಕೆ ಒಪ್ಪಿಗೆ, ಆಪ್ತರೊಬ್ಬರ ಫೋನ್ ನಂಬರ್ ಪಡೆಯುವುದು ಒಳಿತು. ನಿಮ್ಮ ಮನೆಯ ಹಿರಿಯರಿಗೆ ಅಂಥ ಕರೆ ಬಂದರೆ, ಕರೆದವರು ಯಾರೆಂದು ಖಚಿತಪಡಿಸಿಕೊಂಡು, ಪಕ್ಕದಲ್ಲಿ ಕುಳಿತು ನೆರವಾಗಿ.