ಊರ ಚರಿತ್ರೆಗೊಂದು ಕಪಾಟು

ಯುಗಾದಿಗೋ ದೀಪಾವಳಿಗೋ ಮನೆಗೆ ಸುಣ್ಣ ಬಳಿಯುವ ಹೊತ್ತಿನಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಅದರೊಳಗೆ ತಾತನ ಕಾಲದ ಲೆಕ್ಕದ ಪುಸ್ತಕ, ಯಾವುದೋ ವರ್ಷದ ರಥೋತ್ಸವದ ಕರಪತ್ರ, ಹೈಸ್ಕೂಲಿನ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಹುಳು ಅಂಚು ತಿಂದ ಒಂದು ಗ್ರೂಪ್ ಫೋಟೊ. ಓದಲು ಯಾರಿಗೂ ಪುರುಸೊತ್ತಿಲ್ಲ, ಇಡಲು ಜಾಗವಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ‘ಹಳೇ ಪೇಪರ್’ ಎಂಬ ಕೂಗು ಕೇಳಿಸಿದರೆ ಮುಗಿಯಿತು. ತಕ್ಕಡಿಗೆ ಎಲ್ಲ ಕಾಗದವೂ ಒಂದೇ. ಮುಂದೊಂದು ದಿನ ಊರಿನ ಬಗ್ಗೆ ಪುಸ್ತಕ ಬರೆಯಲು ಹೊರಟವರು ಮನೆ ಮನೆ ತಿರುಗಿ ಕೇಳತೊಡಗಿದಾಗಲೇ, ಅಂದು ಕಿಲೋ ಲೆಕ್ಕದಲ್ಲಿ ಹೋದದ್ದು ಏನೆಂಬುದು ಮನೆಯವರಿಗೆ ನೆನಪಾಗುವುದು.

ಅದೇ ಊರಿನಲ್ಲಿ, ಬಹುಶಃ ಬಸ್ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ, ಸಾರ್ವಜನಿಕ ಗ್ರಂಥಾಲಯ ಇರುತ್ತದೆ. ಸಗಟು ಖರೀದಿಯಲ್ಲಿ ಬಂದ ಕಾದಂಬರಿಗಳು, ಸ್ಪರ್ಧಾತ್ಮಕ ಪರೀಕ್ಷೆಯ ಮಾರ್ಗದರ್ಶಿಗಳು, ಮೂಲೆಯಲ್ಲಿ ಒಂದಿಷ್ಟು ವಿಶ್ವಕೋಶ. ಬೀದರಿನ ಕಪಾಟಿನಲ್ಲಿರುವ ಪುಸ್ತಕವೇ ಚಾಮರಾಜನಗರದ ಕಪಾಟಿನಲ್ಲೂ ಸಿಗುತ್ತದೆ. ಒಂದು ಕಡೆ ಕಳೆದರೆ ಇನ್ನೊಂದು ಕಡೆ ಇದ್ದೇ ಇರುತ್ತದೆ. ಆದರೆ ಆ ಊರಿನಲ್ಲೇ ಅಚ್ಚಾಗಿ ಆ ಊರಿನಲ್ಲೇ ಹಂಚಿಹೋದ ಕಾಗದ ಬೇರೆ ಎಲ್ಲಿಯೂ ಸಿಗುವುದಿಲ್ಲ. ಅದನ್ನು ಉಳಿಸಿಕೊಳ್ಳಲು ಬೆಂಗಳೂರಿನಿಂದ ಯಾರೂ ಬರುವುದಿಲ್ಲ. ಬರಬೇಕೆಂದು ಕಾಯುವುದೂ ಸರಿಯಲ್ಲ. ಒಂದು ಕಪಾಟು, ಒಂದು ದಾಖಲೆ ಪುಸ್ತಕ, ಆಸಕ್ತಿಯುಳ್ಳ ಒಬ್ಬ ಗ್ರಂಥಪಾಲಕರು ಮತ್ತು ಊರಿನ ನಾಲ್ಕಾರು ಮಂದಿ: ಸ್ಥಳೀಯ ಚರಿತ್ರೆಯ ಸಂಗ್ರಹವನ್ನು ಆರಂಭಿಸಲು ಇಷ್ಟು ಸಾಕು.

ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದು 1965ರಲ್ಲಿ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ರಾಜ್ಯದ ಪ್ರಕಾಶಕರು ತಮ್ಮ ಪುಸ್ತಕಗಳ ಪ್ರತಿ ಕಳಿಸಬೇಕೆಂಬುದು ನಿಯಮ. ಜಾತ್ರೆಯ ಕರಪತ್ರ, ನಾಟಕ ಕಂಪನಿಯ ಹ್ಯಾಂಡ್‌ಬಿಲ್, ಹಾಲು ಸಹಕಾರ ಸಂಘದ ವಾರ್ಷಿಕ ವರದಿ ಇವನ್ನೆಲ್ಲ ಪುಸ್ತಕ ಎಂದು ಯಾರೂ ಎಣಿಸುವುದಿಲ್ಲವಾದ್ದರಿಂದ ಅವು ಆ ದಾರಿ ಹಿಡಿಯುವುದೇ ಇಲ್ಲ. ಮನೆ ಕಂದಾಯದ ಜೊತೆ ಶೇಕಡ 6ರಷ್ಟು ಗ್ರಂಥಾಲಯ ಕರ ಕಟ್ಟುವ ಊರಿನವರು ತಮ್ಮ ಊರಿನ ಬಗ್ಗೆ ಗ್ರಂಥಾಲಯದಲ್ಲಿ ಏನಿದೆ ಎಂದು ಒಮ್ಮೆ ಕೇಳಿ ನೋಡಬಹುದು.

ಏನೂ ಇಲ್ಲವೆಂದಲ್ಲ. ಇದ್ದರೂ ಚದುರಿರುತ್ತದೆ. ಡ್ಯೂಯಿ ಪದ್ಧತಿಯಲ್ಲಿ ಕರ್ನಾಟಕದ ಚರಿತ್ರೆಗೆ 954.87 ಎಂಬ ಸಂಖ್ಯೆ ಇದೆ. ಊರಿನ ದೇವಸ್ಥಾನದ ಮೇಲಿನ ಕಿರುಹೊತ್ತಗೆ ಮಾತ್ರ ಧರ್ಮದ ವಿಭಾಗಕ್ಕೆ ಹೋಗುತ್ತದೆ, ಕೆರೆಯ ವರದಿ ಕೃಷಿಗೆ, ಊರ ಕವಿಯ ಸಂಕಲನ ಸಾಹಿತ್ಯಕ್ಕೆ. ವಿಷಯದ ಪ್ರಕಾರ ಜೋಡಿಸುವಾಗ ಇದೇ ಸರಿ. ಆದರೆ ‘ನಮ್ಮೂರ ಬಗ್ಗೆ ಏನಿದೆ?’ ಎಂದು ಕೇಳಿ ಬಂದ ವಿದ್ಯಾರ್ಥಿ ಐದು ಕಪಾಟು ತಡಕಬೇಕು. ಸ್ಥಳೀಯ ಸಂಗ್ರಹದಲ್ಲಿ ಮೊದಲ ನಂಟು ಸ್ಥಳದ್ದು, ವಿಷಯ ಆಮೇಲೆ. ಬೇರೆ ಕಪಾಟು ಬೇಕೆನ್ನುವುದು ಇದೇ ಕಾರಣಕ್ಕೆ.

ಮೊದಲು ಸುಲಭದ ಕೆಲಸ. ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳಲ್ಲಿ ಹಳೆಯ ಮೈಸೂರು ಮತ್ತು ಕೊಡಗಿನ ಸುಮಾರು 9 ಸಾವಿರ ಶಾಸನಗಳು ತಾಲ್ಲೂಕುವಾರು ಇವೆ. ಧಾರವಾಡ, ವಿಜಾಪುರ ಜಿಲ್ಲೆಗಳಿಗೆ ಮುಂಬಯಿ ಸರ್ಕಾರ 1884ರಲ್ಲಿ ಪ್ರಕಟಿಸಿದ ಗೆಜೆಟಿಯರ್‌ಗಳಿವೆ, ಕೆನರಾಕ್ಕೆ 1883ರದು. ಜನಗಣತಿ ಇಲಾಖೆಯ ಜಿಲ್ಲಾ ಕೈಪಿಡಿಗಳಲ್ಲಿ ಯಾವ ಹಳ್ಳಿಗೆ ಶಾಲೆ ಇತ್ತು, ಯಾವ ಹಳ್ಳಿಗೆ ರಸ್ತೆ ಇರಲಿಲ್ಲ ಎಂಬುದು ಪಟ್ಟಿಯಾಗಿದೆ. ತಮ್ಮ ತಾಲ್ಲೂಕಿಗೆ ಸಂಬಂಧಿಸಿದ ಪುಟಗಳನ್ನು ಜೆರಾಕ್ಸ್ ಮಾಡಿಸಿ ಹೊಲಿದು ಇಟ್ಟರೂ ನಡೆಯುತ್ತದೆ. ಹೀಗೆ ಮೊದಲ ಸಾಲು ತುಂಬಿದ ಕಪಾಟನ್ನು ಕಂಡಾಗ ಊರಿನವರಿಗೆ ತಮ್ಮ ಟ್ರಂಕು ತೆರೆಯುವ ಮನಸ್ಸು ಬರುತ್ತದೆ. ಖಾಲಿ ಕಪಾಟಿಗೆ ಯಾರೂ ದಾನ ಕೊಡುವುದಿಲ್ಲ.

ಇನ್ನು ದಾಖಲೆಗಳ ಮಾತು. 1956ಕ್ಕೆ ಮೊದಲು ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಧಾರವಾಡ, ಬೆಳಗಾವಿಯ ಕಡೆಯ ಎಷ್ಟೋ ಹಳೆಯ ಕಡತಗಳನ್ನು ಮುಂಬಯಿಯಲ್ಲಿ ಹುಡುಕಬೇಕು, ಬಳ್ಳಾರಿ, ಮಂಗಳೂರಿನವನ್ನು ಚೆನ್ನೈಯಲ್ಲಿ, ರಾಯಚೂರು, ಕಲಬುರಗಿಯವನ್ನು ಹೈದರಾಬಾದಿನಲ್ಲಿ. ಕರಾವಳಿಯ ಹಳೆಯ ಫೋಟೊಗಳಂತೂ ಇನ್ನೂ ದೂರ ಹೋಗಿವೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ನಿನ ಚಿತ್ರಸಂಗ್ರಹ ಸ್ವಿಟ್ಜರ್ಲೆಂಡಿನಲ್ಲಿದೆ. ಜೋಪಾನವಾಗಿಯೇ ಇದೆ, ಈಗ ಅಂತರಜಾಲದಲ್ಲಿ ನೋಡಲೂಬಹುದು. ಕರಾವಳಿಯ ಗ್ರಂಥಾಲಯವೊಂದು ಅಲ್ಲಿರುವ ತನ್ನ ಊರಿನ ಚಿತ್ರಗಳ ಪಟ್ಟಿಯೊಂದನ್ನು ಮಾಡಿಟ್ಟುಕೊಂಡರೆ ಅದೇ ದೊಡ್ಡ ಉಪಕಾರ.

ಊರಿಂದೂರಿಗೆ ಹೋಗಿ ಚರಿತ್ರೆ ಕೂಡಿಹಾಕುವ ಕೆಲಸ ನಮ್ಮಲ್ಲಿ ನಡೆಯದೇ ಇಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ಬಂದ ಕಾಲಿನ್ ಮೆಕೆಂಜಿ, ತನ್ನ ದೇಶೀಯ ಸಹಾಯಕರನ್ನು ಕಳಿಸಿ ಹಳ್ಳಿಗಳ ವೃತ್ತಾಂತವನ್ನು ಬರೆಸಿದ. ಅವೇ ಕೈಫಿಯತ್ತುಗಳು. ಅವುಗಳಲ್ಲಿ ಕನ್ನಡದವನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು. ಮೆಕೆಂಜಿಗೆ ಬೇಕಿದ್ದದ್ದು ಆಳುವವರಿಗೆ ಉಪಯೋಗವಾಗುವ ಮಾಹಿತಿ ಎಂಬುದು ನಿಜ. ಆದರೂ ಅಂದು ಊರ ಹಿರಿಯರು ಹೇಳಿದ್ದನ್ನು ಯಾರೋ ಕಾಗದಕ್ಕೆ ಇಳಿಸಿದರು ಎಂಬ ಒಂದೇ ಕಾರಣಕ್ಕೆ ಎಷ್ಟೋ ಹಳ್ಳಿಗಳ ಸುದ್ದಿ ಎರಡು ಶತಮಾನ ದಾಟಿ ಬಂದಿದೆ.

ಸುಟ್ಟದ್ದು, ಉಳಿದದ್ದು

ಸಾರ್ವಜನಿಕ ಗ್ರಂಥಾಲಯವೊಂದು ಈ ಕೆಲಸವನ್ನು ಕೈಗೆತ್ತಿಕೊಂಡ ಹಳೆಯ ಉದಾಹರಣೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ್ದು. ಅಲ್ಲಿನ ಪುರಸಭೆಯ ಗ್ರಂಥಾಲಯ 1875ರಲ್ಲಿ ವಾರ್ವಿಕ್‌ಷೈರ್ ಪ್ರಾಂತದ ಹಸ್ತಪ್ರತಿ, ದಾಖಲೆಗಳ ಸ್ಟಾಂಟನ್ ಸಂಗ್ರಹವನ್ನು ಕೊಂಡುಕೊಂಡಿತು. ನಾಲ್ಕೇ ವರ್ಷ. 1879ರ ಜನವರಿಯಲ್ಲಿ, ಕಟ್ಟಡದ ಕೆಲಸ ನಡೆಯುತ್ತಿದ್ದಾಗ ಬೆಂಕಿ ಬಿತ್ತು. ಸುಮಾರು 50 ಸಾವಿರ ಪುಸ್ತಕಗಳಲ್ಲಿ ಸಾವಿರದಷ್ಟು ಮಾತ್ರ ಉಳಿದವು. ಸ್ಟಾಂಟನ್ ಸಂಗ್ರಹ ಬಹುಪಾಲು ಬೂದಿಯಾಯಿತು. ನಾಗರಿಕರು ಹಣ ಕೂಡಿಸಿದರು, 1882ರಲ್ಲಿ ಗ್ರಂಥಾಲಯ ಮತ್ತೆ ತೆರೆಯಿತು. ಅಚ್ಚಾದ ಪುಸ್ತಕ ಮತ್ತೆ ಕೊಳ್ಳಬಹುದು. ಒಂದೇ ಪ್ರತಿಯ ಹಸ್ತಪ್ರತಿಯನ್ನು ಎಲ್ಲಿಂದ ತರುವುದು?

ಅದಾದ ಹತ್ತು ವರ್ಷದ ಮೇಲೆ, 1890ರ ಸುಮಾರಿಗೆ, ಅದೇ ಊರಿನ ಹವ್ಯಾಸಿ ಛಾಯಾಗ್ರಾಹಕರು ಪ್ರಾಂತದ ಹಳೆಯ ಮನೆ, ಚರ್ಚು, ಬೀದಿಗಳನ್ನು ಚಿತ್ರ ತೆಗೆದು ಗ್ರಂಥಾಲಯಕ್ಕೆ ಒಪ್ಪಿಸುವ ಕೆಲಸ ಹಿಡಿದರು. ಜೆರೋಮ್ ಹ್ಯಾರಿಸನ್, ಬೆಂಜಮಿನ್ ಸ್ಟೋನ್ ಇದರ ಮುಂದಾಳುಗಳು. ಇದ್ದದ್ದನ್ನು ಕೂಡಿಡುವುದರ ಜೊತೆಗೆ, ಇಂದಿನದನ್ನು ನಾಳೆಗಾಗಿ ತಾವೇ ದಾಖಲಿಸುವ ಯೋಚನೆ ಅದು. ಕೈಯಲ್ಲೇ ಕ್ಯಾಮೆರಾ ಇರುವ ಮೊಬೈಲ್ ಯುಗದಲ್ಲಿ ನಮ್ಮ ಊರುಗಳ ಹುಡುಗರಿಗೆ ಇದು ಒಂದು ಭಾನುವಾರದ ಕೆಲಸ. ಮಾಡಿಸುವವರು ಬೇಕು, ಅಷ್ಟೆ.

ಯಾಳ್ಪಾಣದ, ಅಂದರೆ ಜಾಫ್ನಾದ, ಕತೆ ಇನ್ನೂ ಕಹಿ. 1981ರ ಮೇ ಕೊನೆಯ ಆ ರಾತ್ರಿ ಅಲ್ಲಿನ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿಯಿಟ್ಟಾಗ 97 ಸಾವಿರದಷ್ಟು ಪುಸ್ತಕ, ತಾಳೆಗರಿಗಳು ಉರಿದುಹೋದವು. ಕಟ್ಟಡ ಮತ್ತೆ ಎದ್ದು 2003ರಲ್ಲಿ ಬಾಗಿಲು ತೆರೆಯಿತು. ತಾಳೆಗರಿಗಳು ಮರಳಲಿಲ್ಲ. ಸಂಗ್ರಹ ಮಾಡುವವರು ಪ್ರತಿಯೊಂದಕ್ಕೂ ಇನ್ನೊಂದು ಪ್ರತಿ ಮಾಡಿ ಬೇರೆ ಕಟ್ಟಡದಲ್ಲಿ ಇಡಬೇಕೆನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಮುಳುಗಿದ ಊರುಗಳು

ಬೆಂಕಿಯಷ್ಟೇ ಅಲ್ಲ, ನೀರೂ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಶರಾವತಿ ಕಣಿವೆಯ ಹಳ್ಳಿಗಳು ನೀರಿನಡಿಗೆ ಹೋದವು; ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿತು. ಮಳೆ ಕೈಕೊಟ್ಟ ಬೇಸಿಗೆಗಳಲ್ಲಿ ಮಡೆನೂರಿನ ಬಳಿ ಅದು ತಲೆಯೆತ್ತುತ್ತದೆ, ಜನ ನೋಡಲು ಹೋಗುತ್ತಾರೆ. ಅಲ್ಲಿಂದೆದ್ದು ಬಂದಾಗ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಆಲಮಟ್ಟಿಯ ಹಿನ್ನೀರಿನಿಂದ ಬಾಗಲಕೋಟೆಯ ಹಳೆ ಊರಿನ ಓಣಿಗಳು ಹೋಗಿ ನವನಗರ ಎದ್ದದ್ದು ತೀರ ಈಚಿನ ಮಾತು. ಅಲ್ಲಿನ ಮನೆಮನೆಗಳಲ್ಲಿ ಇನ್ನೂ ಹಳೆ ಓಣಿಯ ಫೋಟೊಗಳಿವೆ, ಪರಿಹಾರದ ನೋಟಿಸುಗಳಿವೆ, ಅಂಗಡಿಯ ಕೀರ್ದಿಗಳಿವೆ. ಯಾವ ಓಣಿಯಲ್ಲಿ ಯಾರ ಮನೆಯ ಪಕ್ಕ ಯಾರ ಮನೆ ಇತ್ತು ಎಂದು ನಕ್ಷೆ ಬರೆಯಬಲ್ಲವರು ಇದ್ದಾರೆ. ಇಂಥ ಊರುಗಳ ಗ್ರಂಥಾಲಯಕ್ಕೆ ಈ ಕೆಲಸವನ್ನು ಮುಂದೂಡುವ ಅನುಕೂಲವಿಲ್ಲ.

ಏನೇನು ಕೂಡಿಡಬೇಕು? ಪಟ್ಟಿ ಮಾಡಹೊರಟರೆ ಮುಗಿಯದು. ಆದರೆ ಸ್ಮರಣ ಸಂಚಿಕೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಶಾಲೆಯ ಸುವರ್ಣ ಮಹೋತ್ಸವ, ಸಹಕಾರಿ ಬ್ಯಾಂಕಿನ ಅಮೃತ ಮಹೋತ್ಸವ, ತಾಲ್ಲೂಕು ಸಾಹಿತ್ಯ ಸಮ್ಮೇಳನ ಇವುಗಳ ನೆಪದಲ್ಲಿ ಅಚ್ಚಾಗುವ ಈ ಸಂಚಿಕೆಗಳನ್ನು ವಿದ್ವಾಂಸರು ಮುಟ್ಟುವುದಿಲ್ಲ. ಮಂತ್ರಿಗಳ ಸಂದೇಶ, ಅಧ್ಯಕ್ಷರ ನುಡಿ, ಹೊಗಳಿಕೆಯ ಲೇಖನ ಇವು ಓದಲು ಬೇಸರವೇ. ಸ್ವಾರಸ್ಯ ಇರುವುದು ಹಿಂದಿನ ಪುಟಗಳ ಜಾಹೀರಾತಿನಲ್ಲಿ. ಯಾವ ಬೀದಿಯಲ್ಲಿ ಯಾವ ಜವಳಿ ಅಂಗಡಿ, ಯಾರ ಅಕ್ಕಿ ಗಿರಣಿ, ಯಾವ ಟೂರಿಂಗ್ ಟಾಕೀಸು, ಮೂರೇ ಅಂಕಿಯ ಫೋನ್ ನಂಬರು, ಈಗ ಹೆಸರೂ ಉಳಿಯದ ಬಸ್ ಸರ್ವಿಸು. ಊರಿನ ವ್ಯಾಪಾರದ ಚರಿತ್ರೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ. ಜಾಹೀರಾತಿನ ಪುಟ ಹರಿದು ಲೇಖನ ಮಾತ್ರ ಇಟ್ಟುಕೊಂಡ ಪ್ರತಿಗಿಂತ, ಲೇಖನ ಹೋಗಿ ಜಾಹೀರಾತು ಉಳಿದ ಪ್ರತಿಯೇ ಮೇಲು!

1960ರ ದಶಕದಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾದ ಮೇಲೂ ಕೆಲವು ಮನೆಗಳಲ್ಲಿ ಹಳೆಯ ಕಟ್ಟುಗಳು ಉಳಿದಿವೆ. ಉತ್ತರದ ಜಿಲ್ಲೆಗಳಲ್ಲಿ ಅವು ಮೋಡಿ ಲಿಪಿಯಲ್ಲಿರುವುದೂ ಉಂಟು. ಇದ್ದಿಲು, ಹುಣಿಸೆಬೀಜದ ಸರಿ ಬಳಿದ ಬಟ್ಟೆಯನ್ನು ಮಡಿಚಿ ಬಳಪದಿಂದ ಬರೆಯುತ್ತಿದ್ದ ಕಡತಗಳೂ ಸಿಗಬಹುದು. ಶೃಂಗೇರಿ ಮಠಕ್ಕೆ ಟಿಪ್ಪು ಬರೆದ ಕನ್ನಡ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದದ್ದು, ಅಷ್ಟು ಕಾಲವೂ ಮಠ ಅವನ್ನು ಎಸೆಯದೆ ಇಟ್ಟುಕೊಂಡಿದ್ದರಿಂದ. ಓದಲು ಬಾರದ್ದನ್ನೂ ಇಟ್ಟುಕೊಳ್ಳಬೇಕು. ಓದಬಲ್ಲವರು ಮುಂದೆ ಬಂದಾರು. ತಾಳೆಗರಿಯಂಥ ನಾಜೂಕಿನವನ್ನು ಮಾತ್ರ ಚಿತ್ರ ತೆಗೆದುಕೊಂಡು, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆಗೆ ಒಪ್ಪಿಸುವುದು ಲೇಸು.

ಕಾಗದದ ಆರೈಕೆಗೆ ದೊಡ್ಡ ವಿದ್ಯೆ ಬೇಕಿಲ್ಲ. ಹರಿದ ಹಾಳೆಗೆ ಸೆಲೊಟೇಪ್ ಅಂಟಿಸಬಾರದು, ಲ್ಯಾಮಿನೇಷನ್ ಮಾಡಿಸಲೇಬಾರದು. ತುಕ್ಕು ಹಿಡಿಯುವ ಪಿನ್ನು, ಸ್ಟೇಪಲ್ ತೆಗೆದುಹಾಕಬೇಕು. ಪತ್ರಿಕೆಯ ತುಣುಕುಗಳು ಬೇಗ ಹಳದಿಯಾಗಿ ಪುಡಿಯಾಗುವುದರಿಂದ ಒಳ್ಳೆಯ ಕಾಗದದ ಮೇಲೆ ನಕಲು ಮಾಡಿಕೊಳ್ಳುವುದು ವಾಸಿ. ಕಪಾಟು ಗೋಡೆಗೆ ಒತ್ತಿಕೊಂಡಿರದೆ ಒಂದು ಗೇಣು ಈಚೆಗಿದ್ದರೆ ಮಳೆಗಾಲದ ತೇವ, ಗೆದ್ದಲು ಎರಡರಿಂದಲೂ ರಕ್ಷಣೆ. ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಅಚ್ಚು ಮುಂದಕ್ಕೆ ಮೂಡುತ್ತದೆ. ಮೃದುವಾದ ಪೆನ್ಸಿಲ್ ಸಾಕು. ಎಡದಿಂದ ಬಲಕ್ಕೆ ಕುಳಿತವರು ಯಾರು, ನಿಂತವರು ಯಾರು, ಯಾವ ಊರು, ಯಾವ ವರ್ಷ, ಈ ಹೆಸರುಗಳನ್ನು ಹೇಳಿದವರು ಯಾರು, ಇಷ್ಟು ಬರೆಯದಿದ್ದರೆ ಅದು ಯಾರದೋ ಫೋಟೊ.

ಕಷ್ಟ ಇರುವುದು ಬೇರೆ ಕಡೆ. ತಪಾಸಣೆಯಲ್ಲಿ ಪುಸ್ತಕ ಕಡಿಮೆ ಬಂದರೆ ಉತ್ತರ ಹೇಳಬೇಕಾದವರು ಗ್ರಂಥಪಾಲಕರು. ಹೀಗಿರುವಾಗ ಬೆಲೆ ಕಟ್ಟಲಾಗದ ವಸ್ತುವನ್ನು ಹೊಣೆಗೆ ತೆಗೆದುಕೊಳ್ಳಲು ಅವರು ಹಿಂಜರಿದರೆ ತಪ್ಪೆನ್ನಲಾಗದು. ಕಟ್ಟಿ ಬೆಳೆಸಿದವರಿಗೆ ವರ್ಗವಾದರೆ ಮುಂದೆ ಬಂದವರಿಗೆ ಅದು ಧೂಳಿನ ರಾಶಿ. ಹರಿದ ಪುಸ್ತಕಗಳನ್ನು ರದ್ದುಪಡಿಸುವ ದಿನ ಈ ಕಪಾಟಿಗೂ ಕೈ ಹೋಗಬಹುದು. ಆದ್ದರಿಂದ ಎರವಲು ಇಲ್ಲ, ರದ್ದತಿ ಇಲ್ಲ ಎಂಬ ಲಿಖಿತ ಆದೇಶ ಮೇಲಿನಿಂದಲೇ ಬೇಕು. ದಾಖಲೆ ಪುಸ್ತಕ ಬೇರೆಯೇ ಇರಬೇಕು. ಕೊಟ್ಟವರ ಹೆಸರು, ದಿನಾಂಕ, ಕೊಟ್ಟದ್ದೋ ನಕಲಿಗೆ ಇತ್ತದ್ದೋ ಎಂಬುದು ಇಬ್ಬರ ಸಹಿಯೊಂದಿಗೆ ಇರಲಿ. ಮೂಲ ಕೊಡಲು ಮನಸ್ಸಾಗದವರಿಂದ ಪ್ರತಿ ತೆಗೆದುಕೊಂಡು ಅಂದೇ ಹಿಂತಿರುಗಿಸಿದರೆ ನಂಬಿಕೆ ಬೆಳೆಯುತ್ತದೆ. ಜಮೀನು, ದೇವಸ್ಥಾನದ ಹಕ್ಕು, ದತ್ತಕದ ಕಾಗದಗಳು ಬಂದರೆ ಎಚ್ಚರ. ಅವು ನಾಳೆ ಕೋರ್ಟಿನ ಮೆಟ್ಟಿಲೇರಬಹುದು, ಬದುಕಿರುವವರ ಮನಸ್ಸು ನೋಯಿಸಬಹುದು. ಅವನ್ನು ಮೊಹರು ಮಾಡಿ, ಯಾವಾಗ ತೆರೆಯಬೇಕೆಂಬುದನ್ನು ಕೊಟ್ಟವರಿಂದಲೇ ಬರೆಸಿಕೊಳ್ಳುವುದು ಕ್ಷೇಮ.

ಇಷ್ಟೆಲ್ಲ ಮಾಡಿದರೂ ಕಪಾಟಿನಲ್ಲಿ ತುಂಬುವುದು ಕಾಗದ ಇಟ್ಟುಕೊಳ್ಳಬಲ್ಲವರ ಚರಿತ್ರೆ: ಗೌಡರು, ಶಾನುಭೋಗರು, ಸಾಹುಕಾರರು, ದೇವಸ್ಥಾನದ ಧರ್ಮದರ್ಶಿಗಳು. ಕೇರಿಯ ಜನರ ಬಳಿ ಟ್ರಂಕೂ ಇರಲಿಲ್ಲ, ಅಟ್ಟವೂ ಇರಲಿಲ್ಲ. ಬಾವಿಯ ನೀರಿಗೆ, ಹೋಟೆಲಿನ ಲೋಟಕ್ಕೆ ಯಾವ ಊರಿನಲ್ಲಿ ಯಾವಾಗ ಜಗಳವಾಯಿತು ಎಂಬುದು ಸ್ಮರಣ ಸಂಚಿಕೆಯಲ್ಲಿ ಬರುವುದಿಲ್ಲ. ಹೆಂಗಸರ ಬದುಕಿನ ಗುರುತು ಹಾಡು ಬರೆದುಕೊಂಡ ಒಂದು ನೋಟ್‌ಬುಕ್ಕಿನಲ್ಲಿದ್ದರೆ ಪುಣ್ಯ. ಇಲ್ಲಿ ಕೂತು ಕೇಳಿ ಧ್ವನಿ ಹಿಡಿಯದೆ ಬೇರೆ ದಾರಿಯಿಲ್ಲ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ ಈಗ ‘ಅರಿವು ಕೇಂದ್ರ’ಗಳೆಂದು ಕರೆಸಿಕೊಳ್ಳುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ. ಅವು ಊರಿಗೇ ಹತ್ತಿರ, ಕೇರಿಗೂ ಹತ್ತಿರ. ಒಂದೊಂದು ಕೇಂದ್ರದಲ್ಲಿ ವರ್ಷಕ್ಕೆ ಹತ್ತು ಹಿರಿಯರನ್ನು ಮಾತಾಡಿಸಿದರೂ ಐವತ್ತು ಸಾವಿರ ಧ್ವನಿಗಳಾಗುತ್ತವೆ. ಮೊಬೈಲಿನಲ್ಲಿ ಹಿಡಿದದ್ದನ್ನು ಮೊಬೈಲಿನಲ್ಲೇ ಬಿಟ್ಟರೆ ಅದು ಟ್ರಂಕಿಗಿಂತ ಬೇಗ ಕಳೆದುಹೋಗುತ್ತದೆ. ಹೇಳಿದವರ ಹೆಸರು, ವಯಸ್ಸು, ಊರು, ತಾರೀಖು ಬರೆದು, ಒಪ್ಪಿಗೆ ಪಡೆದು, ಒಂದು ಪ್ರತಿ ಪಂಚಾಯಿತಿಯಲ್ಲಿ, ಇನ್ನೊಂದು ತಾಲ್ಲೂಕಿನ ಗ್ರಂಥಾಲಯದ ಆ ಕಪಾಟಿನಲ್ಲಿ ಇಡಬೇಕು. ಮೂರನೆಯದು ಹೇಳಿದವರ ಮನೆಯವರಿಗೆ.